ಕಣಗಲೆಪಾಳ್ಯದ ಇಪ್ಪತ್ತಮೂರು ಮನೆ

ಶಶಿಕಲಾಳ ಅಂಗಡಿ ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆಗೆ ಸ್ವಲ್ಪ ಮೊದಲು ಸಿಗುತ್ತದೆ. ಅಂಗಡಿ ಅಂದರೆ ನಾಲ್ಕು ಕಬ್ಬಿಣದ ಕಂಬದ ಮೇಲೆ ತಗಡಿನ ಮಾಡು, ಮುಂದೆ ಸಾಲಾಗಿ ಒರಗಿಸಿಟ್ಟ ಕಲ್ಲುಗಳು. ಮನೆಗಳ ಹೆಸರಿನ ಫಲಕ, ಸಮಾಧಿ ಕಲ್ಲು, ದೇವಸ್ಥಾನಕ್ಕೆ ದಾನ ಕೊಟ್ಟವರ ಪಟ್ಟಿ, ಯಾವುದೋ ಕಟ್ಟಡದ ಉದ್ಘಾಟನೆ ಫಲಕ, ಎಲ್ಲವೂ ಅಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಗಂಡ ಮಹದೇವ್ ಕಲ್ಲು ಕುಯ್ದು ಪಾಲಿಶ್ ಮಾಡುತ್ತಾನೆ. ಅಕ್ಷರ ಕೆತ್ತುವವಳು ಅವಳು. ಆ ರಸ್ತೆಯ ಉಳಿದ ಅಂಗಡಿಗಳಿಗೆಲ್ಲ ಕಂಪ್ಯೂಟರ್ ಮಷೀನು ಬಂದು ಹತ್ತು ವರ್ಷವಾಯಿತು. ಉಳಿ ಸುತ್ತಿಗೆ ಹಿಡಿದು ಕೂರುವವಳು ಈಗ ಅವಳೊಬ್ಬಳೇ.

ಕೆಲಸ ಕಲಿಸಿದ್ದು ಅಪ್ಪ ಅಂಜಿನಯ್ಯ. ಅವನಿಗೆ ಓದಲು ಬರುತ್ತಿರಲಿಲ್ಲ. ಯಾರಾದರೂ ಸುಣ್ಣದಲ್ಲಿ ಬರೆದುಕೊಟ್ಟರೆ ಆ ಗೆರೆಯನ್ನು ಅನುಸರಿಸಿ ಕೆತ್ತುತ್ತಿದ್ದ. ಬರೆದವರು ಒತ್ತಕ್ಷರ ತಪ್ಪಿದರೆ ಕಲ್ಲಿನಲ್ಲೂ ತಪ್ಪೇ ಉಳಿಯುತ್ತಿತ್ತು. ಮಗಳು ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಪಕ್ಕದಲ್ಲಿ ಕೂತು, "ಅಪ್ಪಾ, ಇಲ್ಲಿ ಥಕ್ಕೆ ಹೊಟ್ಟೆಯೊಳಗೆ ಚುಕ್ಕಿ ಬೇಕು" ಅನ್ನತೊಡಗಿದ್ದಳು. ಅಂಜಿನಯ್ಯ ಹೋಗಿ ಹನ್ನೊಂದು ವರ್ಷವಾಗಿದೆ. ತಾಯಿ ಮುನಿತಾಯಮ್ಮನಿಗೆ ಎಪ್ಪತ್ತನಾಲ್ಕು. ಲಗ್ಗೆರೆಯಲ್ಲಿ ಮಗಳು ಅಳಿಯನ ಜೊತೆಯಲ್ಲೇ ಇದ್ದಾಳೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತು ಇಬ್ಬರು ಹಿರಿಯರು ಇಳಿದರು. ಒಬ್ಬರು ಪಂಚಾಕ್ಷರಿ, ನಿವೃತ್ತ ಎಂಜಿನಿಯರು. ಬಿಳಿ ಅಂಗಿ, ಹಣೆಗೆ ತೆಳ್ಳಗಿನ ವಿಭೂತಿ. ಅನ್ನಪೂರ್ಣೇಶ್ವರಿ ನಗರದ ಆಚೆಗಿರುವ ನವಚೇತನ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಇನ್ನೊಬ್ಬರು ಸಂಘದ ಕಾರ್ಯದರ್ಶಿ ಏಕಾಂತಯ್ಯ. ಬಡಾವಣೆಗೆ ನಲವತ್ತು ವರ್ಷ ತುಂಬುತ್ತಿದೆ, ಮುಖ್ಯರಸ್ತೆಯಿಂದ ಒಳಗೆ ತಿರುಗುವಲ್ಲಿ ಒಂದು ಸ್ಮಾರಕ ಕಲ್ಲು ನಿಲ್ಲಿಸಬೇಕು, ಹಾದುಹೋಗುವವರೆಲ್ಲ ನಿಂತು ಓದುವಂತಿರಬೇಕು ಎಂದರು.

"ಮಷೀನ್ ಕೆಲಸ ಬೇಡಮ್ಮ. ಕೈಯಲ್ಲೇ ಆಗ್ಬೇಕು. ನೂರು ವರ್ಷ ನಿಲ್ಬೇಕು ನೋಡು" ಎಂದರು ಪಂಚಾಕ್ಷರಿ.

ನವಚೇತನ ಬಡಾವಣೆ ಎಂಬ ಹೆಸರು ಕೇಳಿದಾಗಲೇ ಶಶಿಕಲಾ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟಿದ್ದಳು. ಏಕಾಂತಯ್ಯನವರು ಟೈಪ್ ಮಾಡಿಸಿದ್ದ ಹಾಳೆಯನ್ನು ಕೊಟ್ಟರು. ಅವಳು ಅಭ್ಯಾಸದಂತೆ ಬೆರಳಿಟ್ಟು, ಅಕ್ಷರ ಎಣಿಸುತ್ತ ಓದಿದಳು.

'ನವಚೇತನ ಬಡಾವಣೆ. ಸ್ಥಾಪನೆ 1985. ಜನವಸತಿಯೇ ಇಲ್ಲದ ಬರಡು ಬಂಡೆಭೂಮಿಯನ್ನು ನಂದನವನವಾಗಿಸಿದ ಸ್ಥಾಪಕ ಸದಸ್ಯರ ಸ್ಮರಣೆಗಾಗಿ.' ಕೆಳಗೆ ಹನ್ನೊಂದು ಹೆಸರುಗಳು. ಮೂರನೆಯದು ಪಂಚಾಕ್ಷರಿಯವರದು.

ಬೆರಳು ಒಂದು ಕಡೆ ನಿಂತಿತು.

"ಸಾರ್, ಈ ಸಾಲು ತಪ್ಪಿದೆ."

ಏಕಾಂತಯ್ಯ ಕನ್ನಡಕ ಏರಿಸಿ ಬಗ್ಗಿದರು. "ಎಲ್ಲಿ? ಸ್ಪೆಲ್ಲಿಂಗಾ?"

"ಸ್ಪೆಲ್ಲಿಂಗ್ ಅಲ್ಲ ಸಾರ್. ಜನವಸತಿಯೇ ಇಲ್ಲದ ಅಂತ ಇದೆ. ಜನ ಇದ್ರು. ಅಲ್ಲಿ ಕಣಗಲೆಪಾಳ್ಯ ಅಂತ ಊರಿತ್ತು. ನಾನು ಹುಟ್ಟಿದ್ದು ಅಲ್ಲೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚಾಕ್ಷರಿ ಮೃದುವಾಗಿಯೇ ಹೇಳಿದರು: "ಬಂಡೆ ಹತ್ರ ಕೆಲವು ಗುಡಿಸಲಿದ್ವಲ್ಲ, ಅದಾ? ಅವು ಕಲ್ಲು ಒಡೆಯೋರ ಶೆಡ್ಡುಗಳಮ್ಮ. ಟೆಂಪರವರಿ. ಊರು ಅಂದ್ರೆ ದಾಖಲೆ ಇರುತ್ತೆ, ಗ್ರಾಮ ಠಾಣಾ ಇರುತ್ತೆ."

"ನಮ್ಮಜ್ಜಿ ಹುಟ್ಟಿದ್ದೂ ಅಲ್ಲೇ ಸಾರ್. ಎಷ್ಟು ವರ್ಷ ಇದ್ರೆ ಟೆಂಪರವರಿ ಅಲ್ಲ?"

"ನೋಡಮ್ಮ, ನಿನ್ನ ಕೆಲಸ ಕೆತ್ತೋದು" ಎಂದರು ಏಕಾಂತಯ್ಯ. ಅವರ ದನಿಯಲ್ಲಿ ಅಸಹನೆ ಬಂದಿತ್ತು.

"ಹೌದು ಸಾರ್. ಮಿಕ್ಕಿದ್ದೆಲ್ಲ ಕೆತ್ತಿಕೊಡ್ತೀನಿ. ನಿಮ್ಮ ಹನ್ನೊಂದು ಹೆಸರನ್ನೂ ಚೆನ್ನಾಗಿ ಕೆತ್ತಿಕೊಡ್ತೀನಿ. ಈ ಎರಡು ಪದ ನನ್ನ ಕೈಲಿ ಆಗಲ್ಲ."

ಹಿಂದೆ ನಿಂತಿದ್ದ ಮಹದೇವ್ ಅವಳ ಹೆಗಲು ಮುಟ್ಟಿದ. ಅವಳು ತಿರುಗಲಿಲ್ಲ. ಪಂಚಾಕ್ಷರಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಎರಡು ಪದಕ್ಕೆ ಇಷ್ಟು ಹಟ ಯಾಕಮ್ಮ" ಎಂದು ಹೇಳಿ ಕಾರು ಹತ್ತಿದರು.

ಕಾರು ಹೋದ ಮೇಲೆ ಮಹದೇವ್, "ಆ ಏರಿಯಾದಿಂದ್ಲೇ ನಮಗೆ ಎಷ್ಟು ನೇಮ್‌ಪ್ಲೇಟ್ ಆರ್ಡರ್ ಬರುತ್ತೆ ಗೊತ್ತಲ್ವಾ ನಿಂಗೆ?" ಎಂದ. ಬೈಯಲಿಲ್ಲ, ಕೇಳಿದ ಅಷ್ಟೆ.

"ಗೊತ್ತು ಕಣ್ರೀ" ಎಂದಳು. ಆಮೇಲೆ ಇಡೀ ದಿನ ಯಾರದೋ ಸಮಾಧಿ ಕಲ್ಲಿನ ಮೇಲೆ ಜನನ ಮರಣದ ತಾರೀಖು ಕೆತ್ತುತ್ತ ಕೂತಳು. ಆ ದಿನ ಅವಳ ಸುತ್ತಿಗೆಯ ಏಟು ಎಂದಿಗಿಂತ ಜೋರಾಗಿತ್ತು ಎಂದು ಮಹದೇವ್ ಆಮೇಲೆ ಹೇಳುತ್ತಿದ್ದ.

ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತ ಅಮ್ಮನಿಗೆ ವಿಷಯ ಹೇಳಿದಳು. ತಾನು ಒಪ್ಪಲಿಲ್ಲ ಎಂದು ಹೇಳುವಾಗ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮುನಿತಾಯಮ್ಮ ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿಸಿಕೊಂಡಳು.

"ನೀನು ಕೆತ್ತಲಿಲ್ಲ. ಆಯ್ತು. ಇನ್ನೊಬ್ಬ ಕೆತ್ತಾಕಿಲ್ವಾ?"

ಶಶಿಕಲಾ ಕಾಫಿ ಲೋಟ ಕೆಳಗಿಟ್ಟಳು.

"ಪಕ್ಕದ ಅಂಗಡೀಲಿ ಮಿಸನ್ನು ಐತಲ್ಲ. ಮಿಸನ್ನಿಗೆ ಕಣಗಲೆಪಾಳ್ಯ ಗೊತ್ತಾ? ನಾಕು ದಿನದಾಗೆ ಕಲ್ಲು ನಿಂತದೆ. ನಿನ್ನ ಕೈ ಚೊಕ್ಕಾಗಿ ಉಳಿದ್ರೆ ನಮಗೇನು ಬಂತು?"

ಅಷ್ಟು ಹೇಳಿ ಮುದುಕಿ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಯಾರೂ ಕೇಳದಿದ್ದರೂ, ಕೈಯನ್ನು ಗಾಳಿಯಲ್ಲಿ ಚಾಚಿ, ಬಾವಿಯ ಕಡೆಯಿಂದ ಶುರುಮಾಡಿ ಒಂದೊಂದೇ ಮನೆಯನ್ನು ಹೇಳತೊಡಗಿದಳು. ಮೊದಲು ಕೆಂಚಮ್ಮನ ಮನೆ, ಅದರ ಬೆನ್ನಿಗೆ ಅವಳ ಮೈದುನನದು. ಆಮೇಲೆ ಕಣಗಲೆ ಗಿಡ. ಗಿಡದಾಚೆ ತಮ್ಮದು. ಇಪ್ಪತ್ತಮೂರು ಮನೆ. ಒಂದು ಕಡೆ ತಡವರಿಸಿ ಹಿಂದಕ್ಕೆ ಹೋಗಿ ಸರಿಪಡಿಸಿಕೊಂಡಳು. ಶಶಿಕಲಾ ಒಳಗಿಂದ ಮಗಳು ದಿವ್ಯಳ ಹಳೆಯ ನೋಟ್‌ಬುಕ್ ತಂದು ಎಲ್ಲವನ್ನೂ ಬರೆದುಕೊಂಡಳು.

ಕಣಗಲೆಪಾಳ್ಯವನ್ನು ಕೆಡವಿದ್ದು ಎಂಬತ್ತೊಂಬತ್ತರಲ್ಲಿ. ಬಡಾವಣೆ ಹುಟ್ಟಿ ಆಗಲೇ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷ ಹೊಸ ಮನೆಗಳೂ ಹಳೆಯ ಊರೂ ಅಕ್ಕಪಕ್ಕದಲ್ಲೇ ಇದ್ದವು. ಹೊಸ ಮನೆಗಳ ಪಾಯಕ್ಕೆ ಬೇಕಾದ ಸೈಜುಗಲ್ಲನ್ನು ಒಡೆದು ಕೊಡುತ್ತಿದ್ದವರು ಕಣಗಲೆಪಾಳ್ಯದ ಗಂಡಸರೇ. ಮಣ್ಣು ಹೊತ್ತವರು ಹೆಂಗಸರು. ಒಂದು ದಿನ ಎರಡು ಬುಲ್ಡೋಜರ್ ಬಂದವು. ಹನ್ನೆರಡು ವರ್ಷದ ಶಶಿಕಲಾ ಸ್ಕೂಲಿನಿಂದ ಬರುವಾಗ ಮನೆ ಇದ್ದ ಕಡೆ ಆಕಾಶ ಕಾಣುತ್ತಿತ್ತು. ಅಮ್ಮ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಲಾರಿ ಹತ್ತಿ ಲಗ್ಗೆರೆಗೆ ಬಂದರು. ಅವಳಿಗೆ ಈಗಲೂ ಅರ್ಥವಾಗದ ಒಂದು ಸಂಗತಿ ಎಂದರೆ, ಒಂದು ವಾರ ಕಳೆದ ಮೇಲೆ ಅಪ್ಪ ಸೈಕಲ್ ಹತ್ತಿ ಮತ್ತೆ ಅಲ್ಲಿಗೇ ಹೋದದ್ದು. ಮೂರು ಮನೆಗಳ ಪಾಯದ ಕಲ್ಲು ಬಾಕಿ ಇತ್ತು. ಒಪ್ಪಿಕೊಂಡ ಕೆಲಸ ಎಂದು ಅದನ್ನು ಮುಗಿಸಿಕೊಟ್ಟು ಬಂದ.

ಮರುದಿನ ಶಶಿಕಲಾ ಪಂಚಾಕ್ಷರಿಯವರಿಗೆ ಫೋನ್ ಮಾಡಿ, ಸಂಘದ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದಳು. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ಮನುಷ್ಯ ಕೆಟ್ಟವರಲ್ಲ. ನ್ಯಾಯವಾಗಿ ಒಂದು ಅವಕಾಶ ಕೊಟ್ಟು, ನ್ಯಾಯವಾಗಿಯೇ ಇಲ್ಲ ಅನ್ನಬಹುದು ಎಂದುಕೊಂಡಿರಬೇಕು.

ಭಾನುವಾರ ಹತ್ತು ಗಂಟೆಗೆ ಬಡಾವಣೆಯ ಸಮುದಾಯ ಭವನದಲ್ಲಿ ಸುಮಾರು ಅರವತ್ತು ಜನ ಸೇರಿದ್ದರು. ಮುನಿತಾಯಮ್ಮ ಹಸಿರು ಸೀರೆ ಉಟ್ಟು ಮಗಳ ಕೈ ಹಿಡಿದು ಬಂದಳು. ಮೂವತ್ತಾರು ವರ್ಷದಲ್ಲಿ ಅವಳು ಆ ಕಡೆ ಕಾಲಿಟ್ಟಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಆಟೋದಿಂದ ಕತ್ತು ಹೊರಗೆ ಹಾಕಿ ನೋಡುತ್ತಲೇ ಇದ್ದಳು.

ಏಕಾಂತಯ್ಯ ಮೈಕ್ ಕೊಟ್ಟರು. ಮುದುಕಿ ಮೈಕನ್ನು ಮಗಳ ಕೈಗೆ ದಾಟಿಸಿ ಎದ್ದು ನಿಂತಳು. ಬಂಡೆಯ ಮೇಲೆ ನಿಂತು ಕೂಗಿ ಕರೆದು ಅಭ್ಯಾಸವಾದ ಗಂಟಲು. ಮೈಕ್ ಬೇಕಿರಲಿಲ್ಲ.

"ನಿಮ್ಮ ಪಾರ್ಕಲ್ಲಿ ನೀರು ಚಿಮ್ಮೋದು ಐತಲ್ಲ, ಅದರಡಿ ನಮ್ಮ ಬಾವಿ. ಆ ಕಡೆ ಶೆಟಲ್ ಆಡೋಕೆ ಗೆರೆ ಎಳೆದವ್ರಲ್ಲ, ಅಲ್ಲಿ ನಮ್ಮತ್ತೆ ಮಾವನ್ನ ಮಣ್ಣು ಮಾಡೈತೆ. ನನ್ನ ಮೊದಲನೇ ಕೂಸೂ ಅಲ್ಲೇ ಐತೆ, ಹನ್ನೊಂದು ದಿನದ್ದು. ಜಾಗ ವಾಪಸ್ ಕೊಡಿ ಅಂತ ಕೇಳಾಕೆ ಬಂದಿಲ್ಲ ನಾನು. ಕೊಡಾಕಿಲ್ಲ ಅಂತ ಗೊತ್ತು. ಇಲ್ಲಿ ಯಾರೂ ಇರ್ಲಿಲ್ಲ ಅಂತ ಬರೀಬ್ಯಾಡಿ. ಅಷ್ಟೇಯ."

ಮುಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು, "ಅಜ್ಜಿ, ನಿಮ್ಮ ಬಗ್ಗೆ ಗೌರವ ಇದೆ. ಆದ್ರೆ ಡಾಕ್ಯುಮೆಂಟ್ ಏನಾದ್ರೂ ಇದೆಯಾ? ನಾಳೆ ಇದನ್ನೇ ಇಟ್ಕೊಂಡು ಕೋರ್ಟಿಗೆ ಹೋದ್ರೆ ನಮ್ಮ ಟೈಟಲ್ ಗತಿ?" ಎಂದರು. ಸುತ್ತಲೂ ತಲೆಗಳು ಆಡಿದವು. ಹಿಂದಿನಿಂದ ಯಾರೋ, "ಆಗಿದ್ದು ಶೆಡ್ಡುಗಳು ಕಣ್ರೀ, ನಾವೇ ನೋಡಿಲ್ವಾ" ಎಂದರು.

ಆಗ ಹೆಂಗಸರ ಸಾಲಿನಲ್ಲಿ ಒಬ್ಬರು ಎದ್ದರು. ಎಪ್ಪತ್ತರ ಆಸುಪಾಸಿನವರು, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಊರುಗೋಲು. ಪಂಚಾಕ್ಷರಿಯವರ ಹೆಂಡತಿ ಕಮಲಾಕ್ಷಮ್ಮ.

"ನೋಡಿದ್ರೆ ಮತ್ತೆ ಯಾರೂ ಇರ್ಲಿಲ್ಲ ಅಂತ ಹೆಂಗೆ ಬರೀತೀರಿ?" ಎಂದರು ಆ ಹಿಂದಿನವರ ಕಡೆ ತಿರುಗಿ.

"ಕಮಲಾ, ಕೂತ್ಕೋ" ಎಂದರು ಪಂಚಾಕ್ಷರಿ ವೇದಿಕೆಯಿಂದ.

"ಕೂರಲ್ಲ ರೀ. ನಾವು ಗೃಹಪ್ರವೇಶ ಮಾಡಿದ್ದು ಎಂಬತ್ತಾರರಲ್ಲಿ. ನಲ್ಲಿ ಬಂದಿದ್ದು ಎಂಬತ್ತೆಂಟಕ್ಕೆ. ಎರಡು ವರ್ಷ ನೀರು ಎಲ್ಲಿಂದ ತಂದೆ ನಾನು? ಇವರ ಬಾವಿಯಿಂದ. ನಮ್ಮತ್ತೆ ಆ ನೀರು ಮುಟ್ಟಲ್ಲ ಅಂದ್ರು. ಮೂರು ದಿನ ಅಂದ್ರು. ನಾಲ್ಕನೇ ದಿನ ಕುಡಿದ್ರು. ಗಿರಿರಾಜ ಹೊಟ್ಟೇಲಿದ್ದಾಗ ಬಿಂದಿಗೆ ಎತ್ತಬೇಡ ಅಂತ ಈ ಊರಿನ ಹೆಂಗಸೇ ನಮ್ಮ ಬಾಗಿಲಿಗೆ ತಂದು ಇಟ್ಟು ಹೋಗ್ತಿದ್ಲು. ಹೆಸರು ಕೇಳಲಿಲ್ಲ ನಾನು. ಆಗ ಕೇಳಬೇಕು ಅಂತಾನೂ ಅನ್ನಿಸಿರಲಿಲ್ಲ. ಅದು ನನ್ನ ತಪ್ಪು."

ಮುನಿತಾಯಮ್ಮ ಕಣ್ಣು ಕಿರಿದಾಗಿಸಿ ಅವರನ್ನು ನೋಡಿದಳು. "ಕೆಂಚಮ್ಮ ಇದ್ದಿರಬೇಕು. ಬಾವಿ ತಾವ ಅವಳ ಮನೇನೇ ಇದ್ದುದ್ದು" ಎಂದಳು.

ಅಷ್ಟಾದರೂ ಸಭೆ ಬದಲಾಗಲಿಲ್ಲ. ಕೈ ಎತ್ತಿಸಿದರು. ಸಾಲು ಹಾಗೆಯೇ ಇರಲಿ ಎಂದವರು ನಲವತ್ತೆರಡು. ತೆಗೆಯಿರಿ ಎಂದವರು ಒಂಬತ್ತು. ಉಳಿದವರು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಪಂಚಾಕ್ಷರಿ ಹೊರಗೆ ಬಂದು ತಾಯಿ ಮಗಳನ್ನು ಆಟೋವರೆಗೂ ಬಿಟ್ಟರು.

"ಬೇಜಾರು ಮಾಡ್ಕೋಬೇಡಿ. ಸಭೆ ನಿರ್ಧಾರ" ಎಂದರು.

"ಬೇಜಾರು ಏನಿಲ್ಲ ಬುಡಿ" ಎಂದಳು ಮುನಿತಾಯಮ್ಮ. "ನೀವು ನಿಮ್ಮ ಕಲ್ಲು ನಿಲ್ಲಿಸಿ. ನಾವು ನಮ್ಮದು ನಿಲ್ಲಿಸ್ತೀವಿ."

ಶಶಿಕಲಾ ಬೆಚ್ಚಿ ತಾಯಿಯ ಮುಖ ನೋಡಿದಳು. ಅಂಥ ಮಾತು ಮನೆಯಲ್ಲಿ ಬಂದಿರಲೇ ಇಲ್ಲ. ಪಂಚಾಕ್ಷರಿ ಅದನ್ನು ವಯಸ್ಸಾದವರ ಸಿಟ್ಟು ಎಂದುಕೊಂಡು ಕೈಮುಗಿದು ಒಳಗೆ ಹೋದರು. ಆಟೋದಲ್ಲಿ ಲಗ್ಗೆರೆ ಸೇರುವ ಹೊತ್ತಿಗೆ ಶಶಿಕಲಾ ಮನಸ್ಸಿನಲ್ಲೇ ಕಲ್ಲಿನ ಅಳತೆ ಹಾಕಿ ಮುಗಿಸಿದ್ದಳು.

ಕಲ್ಲು ಅವರ ಅಂಗಡಿಯ ಹಿಂದೆಯೇ ಇತ್ತು. ಯಾವುದೋ ದೇವಸ್ಥಾನಕ್ಕೆಂದು ತರಿಸಿ, ಅಂಚು ಮುಕ್ಕಾಗಿದೆ ಎಂದು ಅವರು ಬೇಡವೆಂದ ಆರಡಿಯ ಬೂದು ಚಪ್ಪಡಿ. ಮಹದೇವ್ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಚಪ್ಪಡಿಯನ್ನು ಎಳೆದು ತಂದು, ಮುಖವನ್ನಷ್ಟೇ ನುಣ್ಣಗೆ ಮಾಡಿ, "ಅಂಚು ಹಂಗೇ ಇರ್ಲಿ. ನಮ್ಮ ಬಂಡೇನೂ ಹಂಗೇ ಇತ್ತು ಅಂತ ಮಾವ ಹೇಳ್ತಿದ್ರು" ಎಂದ.

ಕೆತ್ತನೆಗೆ ಹದಿನಾರು ದಿನ ಹಿಡಿಯಿತು. ಮುನಿತಾಯಮ್ಮ ದಿನವೂ ಬಸ್ಸಿನಲ್ಲಿ ಅಂಗಡಿಗೆ ಬಂದು ಮೋಟು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದೊಂದು ಹೆಸರು ಬಂದಾಗಲೂ ಆ ಮನೆಯವರ ಬಗ್ಗೆ ಏನಾದರೊಂದು ಹೇಳುತ್ತಿದ್ದಳು. ಇವನು ಕುಂಟ, ಇವಳು ಹಾಡು ಹೇಳುತ್ತಿದ್ದಳು, ಇವರ ಮನೆಯಲ್ಲಿ ಮೂರು ಮೇಕೆ. ಹೊಗಳಿಕೆ ಮಾತ್ರವಲ್ಲ. ಒಂದು ಹೆಸರಿಗೆ ಬಂದಾಗ, "ಇವನು ಕುಡ್ದು ಹೆಂಡ್ರಿಗೆ ಹೊಡೀತಿದ್ದ. ಅವನದು ಬ್ಯಾಡ, ಅವಳ ಹೆಸರು ಹಾಕು" ಎಂದಳು. ಶಶಿಕಲಾ ಅವಳ ಹೆಸರನ್ನೇ ಹಾಕಿದಳು. ಎಲ್ಲಕ್ಕೂ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: 'ಕಣಗಲೆಪಾಳ್ಯ. ಇಲ್ಲಿ ಊರಿತ್ತು. ಇಪ್ಪತ್ತಮೂರು ಮನೆ. ಈ ಬಡಾವಣೆಯ ಪಾಯದ ಕಲ್ಲು ಒಡೆದವರು ಇವರು. 1989ರಲ್ಲಿ ಇವರ ಮನೆ ಕೆಡವಲಾಯಿತು.'

"ಕೆಡವಲಾಯಿತು ಅಂದ್ರೆ ಯಾರೂ ಕೆಡವಲೇ ಇಲ್ಲ ಅನ್ನೋ ಹಂಗೈತೆ" ಎಂದಳು ಮುನಿತಾಯಮ್ಮ, ಮಗಳು ಓದಿ ಹೇಳಿದಾಗ.

ಆ ಸಾಲು ಇನ್ನೂ ಸುಣ್ಣದಲ್ಲಷ್ಟೇ ಇತ್ತು. ಶಶಿಕಲಾ ಒದ್ದೆ ಬಟ್ಟೆಯಲ್ಲಿ ಒರೆಸಿ 'ಕೆಡವಿದರು' ಎಂದು ಬರೆದು ಉಳಿ ಇಟ್ಟಳು.

ನವೆಂಬರ್ ಎರಡನೇ ಭಾನುವಾರ ಸಂಘದ ಕಲ್ಲಿನ ಅನಾವರಣವಾಯಿತು. ಕಪ್ಪು ಗ್ರಾನೈಟು, ಚಿನ್ನದ ಬಣ್ಣ ತುಂಬಿದ ಮಷೀನ್ ಅಕ್ಷರ, ಸುತ್ತಲೂ ಸ್ಟೀಲ್ ಕಂಬಿ. ಹಾರ, ನಾದಸ್ವರ, ಕೇಸರಿಬಾತು ಎಲ್ಲ ಆಯಿತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಮಕ್ಕಳ ಸ್ಕೂಲ್ ವ್ಯಾನುಗಳು ಓಡಾಡುವ ಹೊತ್ತಿನಲ್ಲಿ, ಒಂದು ಗೂಡ್ಸ್ ಟೆಂಪೊ ಬಂದು ಅದರ ಪಕ್ಕದಲ್ಲೇ ನಿಂತಿತು. ಹಿಂದೆ ಮೂರು ಆಟೋ. ಲಗ್ಗೆರೆಯಿಂದ ಬಂದ ಹಳೆಯ ಕಣಗಲೆಪಾಳ್ಯದ ಹದಿನೇಳು ಜನ. ಅರ್ಧಕ್ಕರ್ಧ ಅರವತ್ತು ದಾಟಿದವರು. ಗುಟ್ಟು ಮಾಡಬಾರದು, ಎಲ್ಲರೂ ನೋಡುವ ಹೊತ್ತಲ್ಲೇ ಆಗಬೇಕು ಎಂದು ಶಶಿಕಲಾ ಮೊದಲೇ ಹೇಳಿದ್ದಳು.

ಮಹದೇವ್ ಹಾರೆ ಹಾಕಿ ಕುಣಿ ತೋಡಲು ಶುರುಮಾಡಿದ. ಐದು ನಿಮಿಷಕ್ಕೆ ಏಕಾಂತಯ್ಯ ಓಡಿಬಂದರು. ಹತ್ತು ನಿಮಿಷಕ್ಕೆ ಪಂಚಾಕ್ಷರಿ, ಅವರ ಹಿಂದೆ ಹತ್ತಾರು ಜನ.

"ಏನಮ್ಮ ಇದು? ಪರ್ಮಿಷನ್ ಎಲ್ಲಿ?"

"ನಿಮ್ಮ ಕಲ್ಲಿಗೆ ಎಲ್ಲಿಂದ ತಂದ್ರಿ ಸಾರ್? ಹೇಳಿ, ನಾನೂ ಅಲ್ಲಿಂದ್ಲೇ ತರ್ತೀನಿ" ಎಂದಳು ಶಶಿಕಲಾ. ಅವಳ ಕೈ ಕಲ್ಲಿನ ಮೇಲೇ ಇತ್ತು.

ಪಂಚಾಕ್ಷರಿ ಏಕಾಂತಯ್ಯನವರ ಕಡೆ ತಿರುಗಿದರು. ಏಕಾಂತಯ್ಯ, "ಇದು ಫುಟ್‌ಪಾತ್ ಒತ್ತುವರಿ. ಪಾಲಿಕೆಗೆ ಫೋನ್ ಮಾಡ್ತೀನಿ" ಎಂದರು.

"ಮಾಡಿ ಸಾರ್. ನಾವು ಕಾಯ್ತೀವಿ."

ಕಾಯ್ದರು. ಕುಣಿ ತೋಡಿ, ಹಗ್ಗ ಕಟ್ಟಿ, ಹದಿನೇಳು ಜನರೂ ಕೈಹಾಕಿ ಚಪ್ಪಡಿಯನ್ನು ನಿಲ್ಲಿಸಿ, ಬುಡಕ್ಕೆ ಜಲ್ಲಿ ಸುರಿದು ಕಾಂಕ್ರೀಟು ಹಾಕಿಯೇ ಕಾಯ್ದರು. ಕಾಂಕ್ರೀಟಿಗೆ ನೀರು ಬೇಕಾದಾಗ ಎದುರು ಮನೆಯಲ್ಲಿ ಕೇಳಿದರು, ಅವರು ಬಾಗಿಲು ಹಾಕಿಕೊಂಡರು. ಆಮೇಲೆ ಕಮಲಾಕ್ಷಮ್ಮ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಕೆಟ್ಟು ಹಿಡಿದು, ನೀರು ತುಳುಕಿಸುತ್ತ ಬಂದರು. ಅರ್ಧ ನೀರು ಸೀರೆಯ ಮೇಲೇ ಚೆಲ್ಲಿತ್ತು. ಗಂಡ ನೋಡುತ್ತಿರುವಂತೆಯೇ ಬಕೆಟ್ಟನ್ನು ಮಹದೇವನ ಮುಂದಿಟ್ಟು, "ಸಾಲಲಿಲ್ಲ ಅಂದ್ರೆ ಪೈಪ್ ಹಾಕಿಸ್ತೀನಿ" ಎಂದರು.

ಪಾಲಿಕೆಯ ಎಂಜಿನಿಯರ್ ಬಂದದ್ದು ಹನ್ನೊಂದರ ಮೇಲೆ. ಮೂವತ್ತರ ಹುಡುಗಿ, ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಟೇಪು. ಹೆಸರು ಜಗದಾಂಬಾ. ಏಕಾಂತಯ್ಯ ಹೇಳಿದ್ದನ್ನೆಲ್ಲ ಕೇಳಿದಳು. ಬೂದು ಕಲ್ಲನ್ನು ಅಳೆದಳು. ಆಮೇಲೆ ಯಾರೂ ಹೇಳದಿದ್ದರೂ ಕಪ್ಪು ಕಲ್ಲನ್ನೂ ಅದರ ಸ್ಟೀಲ್ ಕಂಬಿಯನ್ನೂ ಅಳೆದಳು. ಎರಡನ್ನೂ ಮೇಲಿಂದ ಕೆಳಗೆ ಓದಿದಳು. ಓದಲು ಸಾಕಷ್ಟು ಹೊತ್ತು ತಗೊಂಡಳು.

"ಸಾರ್, ಇದಕ್ಕೆ ಪರ್ಮಿಷನ್ ಇದೆಯಾ?" ಎಂದಳು ಕಪ್ಪು ಕಲ್ಲನ್ನು ತೋರಿಸಿ.

ಪಂಚಾಕ್ಷರಿ ಗಂಟಲು ಸರಿಪಡಿಸಿಕೊಂಡರು. "ಅಪ್ಲಿಕೇಶನ್ ಕೊಟ್ಟಿದೀವಿ."

"ಕೊಟ್ಟಿರೋದು ಬೇರೆ, ಸಿಕ್ಕಿರೋದು ಬೇರೆ. ಎರಡೂ ಫುಟ್‌ಪಾತ್ ಮೇಲೇ ಇದೆ. ನೀವು ರೈಟಿಂಗಲ್ಲಿ ಕಂಪ್ಲೇಂಟ್ ಕೊಟ್ರೆ ಎರಡನ್ನೂ ತೆಗೆಸ್ಬೇಕಾಗುತ್ತೆ. ನನ್ ಕೈಲಿ ಒಂದನ್ನ ಬಿಟ್ಟು ಒಂದನ್ನ ಎತ್ತಕ್ಕಾಗಲ್ಲ." ಬ್ಯಾಗಿನಿಂದ ಒಂದು ಫಾರಂ ತೆಗೆದು ಚಾಚಿದಳು. "ಸೈನ್ ಮಾಡಿ ಕೊಡಿ. ನಾಳೆ ಗ್ಯಾಂಗ್ ಕಳಿಸ್ತೀನಿ."

ಫಾರಂ ಏಕಾಂತಯ್ಯನವರ ಕೈಗೆ ಹೋಯಿತು. ಅಲ್ಲಿಂದ ಪಂಚಾಕ್ಷರಿಯವರ ಕೈಗೆ ಬಂತು. ಅವರು ಪೆನ್ನು ತೆಗೆದರು. ಹಿಂದಿನ ದಿನವಷ್ಟೇ ಹಾರ ಹಾಕಿದ ತಮ್ಮ ಹೆಸರನ್ನು ನೋಡಿದರು. ಪಕ್ಕದ ಬೂದು ಕಲ್ಲನ್ನು ನೋಡಿದರು. ಅದರ ಬುಡದಲ್ಲಿ, ಇನ್ನೂ ಒಣಗದ ಕಾಂಕ್ರೀಟಿನ ಪಕ್ಕ, ಮುನಿತಾಯಮ್ಮ ಕಾಲು ಚಾಚಿ ಕೂತಿದ್ದಳು.

"ಹಾಕಿ ಸಾಮಿ ಸೈನು" ಎಂದಳು ಮುದುಕಿ. "ಬುಲ್ಡೋಜರ್ ತರ್ಸಿ. ಹೋದ ಸಲ ನಾನು ಪಾತ್ರೆ ಕಟ್ಕೊಂಡು ಎದ್ದೋದೆ. ಈ ಸಲ ಏಳಾಕಿಲ್ಲ. ನಿಮ್ಮ ಕಲ್ಲು ಎತ್ತೋವಾಗ್ಲೂ ಇಲ್ಲೇ ಕೂತು ನೋಡ್ತೀನಿ."

ಅವಳ ಪಕ್ಕ ಇನ್ನಿಬ್ಬರು ಹೆಂಗಸರು ಕೂತರು. ಆಮೇಲೆ ಲಗ್ಗೆರೆಯವರೆಲ್ಲ ಕೂತರು. ಕಮಲಾಕ್ಷಮ್ಮನಿಗೆ ನೆಲದ ಮೇಲೆ ಕೂರಲು ಮಂಡಿ ಬಗ್ಗುತ್ತಿರಲಿಲ್ಲ. ಯಾರೋ ಖಾಲಿ ಬಕೆಟ್ಟನ್ನು ಬೋರಲು ಹಾಕಿದರು. ಅವರು ಅದರ ಮೇಲೆ ಕೂತರು.

"ಕಮಲಾ, ಏಳು. ಜನ ನೋಡ್ತಿದಾರೆ" ಎಂದರು ಪಂಚಾಕ್ಷರಿ ತಗ್ಗಿದ ದನಿಯಲ್ಲಿ.

"ನೋಡ್ಲಿ ಅಂತಾನೇ ಕೂತಿರೋದು."

ಪಂಚಾಕ್ಷರಿ ಪೆನ್ನಿನ ಮುಚ್ಚಳ ಹಾಕಿದರು. ಫಾರಮನ್ನು ಎಂಜಿನಿಯರಿಗೆ ಹಿಂದಿರುಗಿಸಿ, "ಯೋಚನೆ ಮಾಡಿ ತಿಳಿಸ್ತೀವಿ" ಎಂದು ಮನೆಯ ಕಡೆ ನಡೆದರು. ಜಗದಾಂಬಾ ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಗಾಡಿ ಸ್ಟಾರ್ಟ್ ಮಾಡುವ ಮೊದಲು ಬೂದು ಕಲ್ಲಿನ ಒಂದು ಫೋಟೋ ತೆಗೆದುಕೊಂಡಳು. ಅದು ಆಫೀಸಿಗೋ ತನಗೋ ಯಾರಿಗೂ ಗೊತ್ತಾಗಲಿಲ್ಲ.

ದೂರು ಹೋಗಲಿಲ್ಲ. ಸಂಘದಲ್ಲಿ ಆ ಬಗ್ಗೆ ಎರಡು ಸಲ ಜಗಳವಾಯಿತು ಎಂದು ಕಮಲಾಕ್ಷಮ್ಮ ಫೋನಿನಲ್ಲಿ ಹೇಳಿದರು. ಹಾಗೆಂದು ಸಂಘದವರು ತಮ್ಮ ಸಾಲನ್ನು ಬದಲಿಸಲೂ ಇಲ್ಲ. ಜನವಸತಿಯೇ ಇಲ್ಲದ ಎಂದು ಕಪ್ಪು ಕಲ್ಲು ಈಗಲೂ ಹೇಳುತ್ತದೆ. ನಾಲ್ಕಡಿ ಪಕ್ಕದಲ್ಲಿ ಬೂದು ಕಲ್ಲು ಇಪ್ಪತ್ತಮೂರು ಹೆಸರು ಹೇಳುತ್ತದೆ. ಬಸ್ಸಿಗೆ ಕಾಯುವವರು ಒಂದನ್ನು ಓದಿ, ಇನ್ನೊಂದನ್ನು ಓದಿ, ಮತ್ತೆ ಮೊದಲಿನದಕ್ಕೆ ಹೋಗುತ್ತಾರೆ. ಮೊದಲ ತಿಂಗಳು ಯಾರೋ ಬೂದು ಕಲ್ಲಿಗೆ ಎಲೆಅಡಿಕೆ ಉಗಿದಿದ್ದರು. ಶಶಿಕಲಾ ಬಂದು ತೊಳೆದಳು. ಮತ್ತೆ ಉಗಿದರು, ಮತ್ತೆ ತೊಳೆದಳು. ಮೂರನೆಯ ಸಲ ಅವಳು ಬರುವ ಹೊತ್ತಿಗೆ ಯಾರೋ ತೊಳೆದಾಗಿತ್ತು. ಆ ವರ್ಷ ಆ ಬಡಾವಣೆಯಿಂದ ಅಂಗಡಿಗೆ ನೇಮ್‌ಪ್ಲೇಟ್ ಆರ್ಡರ್ ಹೆಚ್ಚು ಬರಲಿಲ್ಲ. ಬೇರೆ ಕಡೆಯಿಂದ ಬಂತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕೆಂಗೇರಿ ಕಡೆಯಿಂದ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಹೆಸರು ಪುಟ್ಟಲಕ್ಷ್ಮಿ. ಗಾರ್ಮೆಂಟ್ಸಿನಲ್ಲಿ ಕೆಲಸ. ಕಲ್ಲಿನ ಫೋಟೋ ಯಾರದೋ ಫೋನಿನಿಂದ ಅವಳ ಫೋನಿಗೆ ಬಂದಿತ್ತಂತೆ.

"ಎಲ್ಲಾರ ಹೆಸರೂ ಐತೆ ಅಕ್ಕ. ನಮ್ಮವ್ವಂದು ಇಲ್ಲ" ಎಂದಳು. "ಬಂಡೆ ಹಿಂದ್ಗಡೆ ಒಂಟಿ ಮನೆ ನಮ್ದು. ಅವ್ವನ ಹೆಸ್ರು ಅನಂತಲಕ್ಷ್ಮಿ."

ಸ್ಟೂಲಿನ ಮೇಲಿದ್ದ ಮುನಿತಾಯಮ್ಮ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಅಯ್ಯೋ, ಅನಂತಿ. ಬಂಡೆ ಹಿಂದ್ಗಡೆ. ಬಾವಿ ಕಡೆಯಿಂದ ಎಣಿಸ್ಕೊಂಡು ಬಂದ್ರೆ ಆ ಮನೆ ಕಾಣಾಕಿಲ್ಲ ಕಣವ್ವ. ನಾನೇ ಮರ್ತೆ. ಅವರು ಇಲ್ಲ ಅಂದ್ರು ಅಂತ ಜಗಳಕ್ಕೋದೋಳು ನಾನೇ ಒಂದು ಮನೆ ಇಲ್ಲ ಅನ್ನಿಸಿಬಿಟ್ಟೆ."

ಶಶಿಕಲಾ ಅಂಗಡಿಯನ್ನು ಮಹದೇವನಿಗೆ ಬಿಟ್ಟು, ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಇಬ್ಬರನ್ನೂ ಆಟೋದಲ್ಲಿ ಕರೆದುಕೊಂಡು ಹೊರಟಳು. ಕಲ್ಲಿನ ಕೆಳಭಾಗದಲ್ಲಿ ಜಾಗ ಇರಲಿಲ್ಲ. ಮುಕ್ಕಾದ ಅಂಚಿನ ಪಕ್ಕ, ಬಲಗಡೆ, ಒಂದು ಗೇಣಿನಷ್ಟು ನುಣುಪು ಉಳಿದಿತ್ತು. ಸುಣ್ಣದಲ್ಲಿ ಬರೆದುಕೊಂಡಳು. ಮೊದಲು ಇಪ್ಪತ್ತಮೂರರ ಮೂರನ್ನು ತಿದ್ದಬೇಕು. ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ. ಆ ಪದದ ಮೇಲೆ ಒಂದು ಗೆರೆ ಹೊಡೆದು, ತಲೆಯ ಮೇಲೆ ಚಿಕ್ಕದಾಗಿ ಇಪ್ಪತ್ತನಾಲ್ಕು ಎಂದು ಕೆತ್ತಿದಳು. ತಪ್ಪು ಕಾಣುತ್ತಿತ್ತು. ಕಾಣಲಿ ಎಂದುಕೊಂಡಳು.

ಅನಂತಲಕ್ಷ್ಮಿಯ ಮೊದಲ ಅಕ್ಷರ ಮುಗಿಯುವಷ್ಟರಲ್ಲಿ ಪಂಚಾಕ್ಷರಿ ಸಂಜೆಯ ವಾಕಿಂಗಿಗೆ ಬಂದರು. ಸುತ್ತಿಗೆಯ ಸದ್ದಿಗೆ ನಿಂತರು. ಮುನಿತಾಯಮ್ಮನನ್ನು, ಹೊಸ ಹೆಂಗಸನ್ನು, ಗೆರೆ ಹೊಡೆದ ಪದವನ್ನು ನೋಡಿದರು.

"ಇನ್ನೂ ಎಷ್ಟು ಹೆಸರು ಸೇರಿಸ್ತೀಯಮ್ಮ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಸ್ನೇಹವೂ ಇರಲಿಲ್ಲ.

"ಬಂದವರದ್ದೆಲ್ಲ, ಸಾರ್."

ಅವರು ಇನ್ನೊಂದು ಹೆಜ್ಜೆ ಮುಂದೆ ಬಂದರು, ಓದಲೆಂದು.

"ಚಕ್ಕೆ ಹಾರುತ್ತೆ ಸಾರ್, ಕಣ್ಣಿಗೆ ಬಿದ್ದಾತು. ಸ್ವಲ್ಪ ಹಿಂದೆ ನಿಂತ್ಕೊಳ್ಳಿ" ಎಂದಳು ಶಶಿಕಲಾ, ತಲೆ ಎತ್ತದೆ.

ಪಂಚಾಕ್ಷರಿ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ಅವಳು ಉಳಿಯನ್ನು ನಕಾರದ ತಲೆಕಟ್ಟಿಗೆ ಇಟ್ಟು ಸುತ್ತಿಗೆ ಎತ್ತಿದಳು.